ಡಿಸ್ಚಾರ್ಜಿನ ಮರುದಿನ

ಒಂದು ಕಾಲು ನಮ್ಮ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಚಾಚಿಕೊಂಡಿತ್ತು. ರೈಲ್ವೆ ಗೇಟು ಬಿದ್ದ ಹಾಗೆ. ಒಳಗೆ ಬರುವವರು ಅದನ್ನು ದಾಟಬೇಕು, ಹೊರಗೆ ಹೋಗುವವರು ಅದನ್ನು ದಾಟಬೇಕು. ಆಧಾರ್ ತಿದ್ದಿಸಲು ಬಂದ ಒಬ್ಬ ಹೆಂಗಸು ಸೀರೆ ಎತ್ತಿ ಹಿಡಿದು ಅದನ್ನು ಹಾರಿದ್ದನ್ನು ನೋಡಿದ್ದರೆ ಶಾಲೆಯ ಪಿ.ಟಿ. ಮೇಷ್ಟ್ರು ಆಕೆಯನ್ನು ಜಿಲ್ಲಾ ತಂಡಕ್ಕೆ ಆರಿಸುತ್ತಿದ್ದರು.

ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಎದುರಿಗೆ ನಮ್ಮ ಸೋದರಮಾವನ ಆನ್‌ಲೈನ್ ಸೆಂಟರ್ ಇದೆ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಮಷೀನು, ಮತ್ತು ನಾನು. ಇಷ್ಟರಲ್ಲಿ ಕೆಡದೆ ಕೆಲಸ ಮಾಡುವುದು ನಾನೊಬ್ಬಳೇ. ಇಂಟರ್ ಪರೀಕ್ಷೆ, ನಿಮ್ಮ ಕಡೆಯ ಪಿಯುಸಿ, ಬರೆದು ರಿಸಲ್ಟಿಗಾಗಿ ಕಾಯುತ್ತಿದ್ದೆ. ಮಾಮಾ ಹಣೆಯ ತುಂಬ ವಿಭೂತಿ ಬಳಿದುಕೊಂಡು ಗಲ್ಲಾದ ಹಿಂದೆ ಕೂತು 'ಸರ್ವರ್ ಡೌನ್ ಅದರಿ' ಎಂದು ಹೇಳುವ ಕೆಲಸ ಮಾಡುತ್ತಿದ್ದ. ಉಳಿದ ಎಲ್ಲ ಕೆಲಸ ನನ್ನದು.

"ಕಾಕಾ, ಕಾಲು ಜರಾ ಒಳಗ ತಗೋರಿ. ಮಂದಿ ಎಡವತಾರ," ಅಂದೆ.

"ಮಡಚಂಗಿಲ್ಲ ಬೇಟಾ ಅದು," ಅಂದರು ಕಾಲಿನ ಮಾಲೀಕರು. "ಅದರ ಸಲುವಾಗೇ ಬಂದೀನಿ."

ಅವರು ಹವಾಲ್ದಾರರು. ಸಿರ್ಗಾಪುರದ ಆಚೆಯ ಒಂದು ಹಳ್ಳಿಯ ಕುರಿ ಸಾಕುವ ಮನೆಯವರು. ಸೈನ್ಯದ ತೋಪಿನ ಪಡೆಯಲ್ಲಿದ್ದರು. ಎಲ್ಲೋ ಒಂದು ಗುಡ್ಡದ ಮೇಲೆ ಲಾರಿಯಿಂದ ಮದ್ದುಗುಂಡಿನ ಪೆಟ್ಟಿಗೆ ಜಾರಿ ಅವರ ಮೊಣಕಾಲಿನ ಮೇಲೆ ಕೂತಿತು. ಅವಧಿ ಮುಗಿದು ಮನೆಗೆ ಬರುವಾಗ ಅಂಗವೈಕಲ್ಯದ ಪಿಂಚಣಿಗೆ ಅರ್ಜಿ ಕೊಟ್ಟರು. ಫೌಜಿನ ಡಾಕ್ಟರುಗಳು ಕಾಲನ್ನು ನೋಡಿದರು, ಇನ್ನೊಂದು ಸಲ ದೊಡ್ಡ ಆಸ್ಪತ್ರೆಯಲ್ಲಿ ನೋಡಬೇಕು, ಊರಿಗೆ ಹೋಗು, ಕಾಗದ ಬರುತ್ತದೆ ಅಂದರು. ಇವರು ಊರಿಗೆ ಬಂದು ಕಾಯತೊಡಗಿದರು. ಒಂದು ವರ್ಷ ಹೋಯಿತು, ಎರಡು ಹೋಯಿತು, ಇನ್ನೂ ಹೋಯಿತು.

"ನೀವು ಒಂದ್ ಸಲನೂ ಕೇಳಲಿಲ್ಲೇನ್ರಿ?"

"ಕಾಗದ ಬರ್ತದ ಅಂದಿದ್ರು," ಅಂದರು. "ಕಾಯಿ ಅಂದ್ರ ಕಾಯೋದು. ಫೌಜ್‌ನಾಗ ಹಂಗೇ."

ನಾನು ಪಿಂಚಣಿಯ ಪೋರ್ಟಲ್ ತೆರೆದೆ. ಹೊಸ ಅರ್ಜಿಯೋ, ಹಳೆಯದರ ಮುಂದುವರಿಕೆಯೋ ಎಂದು ಕೇಳಿತು. "ಹೊಸದು ಒತ್ತು, ಲಗೂನ ಮುಗೀತದ," ಅಂದ ಮಾಮಾ. ಒತ್ತಿದೆ. ಕೆಳಗೆ ಒಂದು ಪೆಟ್ಟಿಗೆ ಇತ್ತು: ಯಾವ ದಿನದಿಂದ. ಅದರಲ್ಲಿ ಇವತ್ತಿನ ತಾರೀಕು ತಾನಾಗಿಯೇ ಬಂದು ಕೂತಿತು. ಅಳಿಸಿದೆ, ಮತ್ತೆ ಬಂತು. ಮೌಸನ್ನು ಕುಟ್ಟಿದೆ. ಆ ತಾರೀಕು ಎದ್ದೇಳಲಿಲ್ಲ.

ಹವಾಲ್ದಾರ ಕಾಕಾ ಕಂಪ್ಯೂಟರಿನ ಗಾಜಿಗೆ ಮೂಗು ತಾಗಿಸಿ ನೋಡಿದರು. "ಇದೇನು? ಇವತ್ತಿಂದ ಅಂತದಲ್ಲ?"

"ಹೊಸ ಅರ್ಜಿ ಅಲ್ಲೇನ್ರಿ ಹವಾಲ್ದಾರ್ ಸಾಬ್," ಅಂದ ಮಾಮಾ. "ಇವತ್ತು ಕೊಟ್ರ ಇವತ್ತಿಂದ."

"ನನ್ನ ಕಾಲು ಇವತ್ತು ಮುರೀಲಿಲ್ಲ."

"ಮುರದದ್ದು ಮುರದದಲ್ರಿ. ಯಾವಾಗಿಂದ ಆದ್ರ ಏನು?"

ಕಾಕಾ ನೆಟ್ಟಗೆ ಕೂತರು. ಅವರ ಊರಿನ ಕಟ್ಟೆಯ ಮೇಲೆ ಕೂರುವವರು ಒಂದು ಕತೆ ಕಟ್ಟಿದ್ದಾರಂತೆ. ಫೌಜಿನಿಂದ ಬಂದ ಮೇಲೆ ಸೇಂದಿ ಕುಡಿದು ಹೊಲದ ಬದುವಿನಿಂದ ಬಿದ್ದು ಕಾಲು ಮುರಿದುಕೊಂಡ, ಈಗ ಸರ್ಕಾರಕ್ಕೆ ಟೋಪಿ ಹಾಕಲು ಕುಂಟುತ್ತಾನೆ, ಅಂತ. ಕಾಕಾ ಸೇಂದಿಯ ವಾಸನೆಯನ್ನೂ ಕಂಡವರಲ್ಲ. "ಇವತ್ತಿನ ತಾರೀಕು ಹಾಕಿ ಪಿಂಚಣಿ ಬಂತಂದ್ರ ಆ ಕಟ್ಟೀ ಮಂದಿ ಹೇಳಿದ್ದಕ್ಕ ಸರ್ಕಾರನೇ ಮುದ್ರಿ ಒತ್ತಿದಂಗ," ಅಂದರು. "ಫೌಜ್ ಬಿಟ್ಟ ದಿನದಿಂದ ಬೇಕು ನನಗ. ಅದು ಇಲ್ಲಂದ್ರ ನಿಮ್ಮ ಪಿಂಚಣಿ ನೀವೇ ಇಟ್ಕೋರಿ."

ನಮ್ಮ ಅಂಗಡಿಗೆ ಬರುವ ಜನ ಏನು ಕೊಟ್ಟರೂ ಕೈಮುಗಿದು ತೆಗೆದುಕೊಂಡು ಹೋಗುತ್ತಾರೆ. ಸರ್ಕಾರಕ್ಕೆ ನೀವೇ ಇಟ್ಕೋರಿ ಅಂದವರನ್ನು ನಾನು ಅದೇ ಮೊದಲ ಸಲ ನೋಡಿದ್ದು. ನನಗೆ ಅವರು ತುಂಬ ಹಿಡಿಸಿದರು. ಅರ್ಜಿ ಸಲ್ಲಿಸುವ ಗುಂಡಿ ಒತ್ತದೆ ಆ ಪುಟವನ್ನೇ ಮುಚ್ಚಿಬಿಟ್ಟೆ. ಮಾಮಾನ ಮುಖ ಸರ್ವರಿಗಿಂತ ಡೌನ್ ಆಯಿತು.

*

ಮಾಜಿ ಸೈನಿಕರ ಕಚೇರಿ ಒಂದು ದೊಡ್ಡ ಊರಿನಲ್ಲಿದೆ. ಯಾವ ಊರು ಅಂತ ಹೇಳುವುದಿಲ್ಲ, ಹೇಳಿದರೆ ನಾಳೆ ನಮ್ಮ ಅಂಗಡಿಯ ಅರ್ಜಿಗಳೆಲ್ಲ ಮೇಜಿನ ಕೆಳಗೆ ಹೋಗುತ್ತವೆ. ಅಲ್ಲಿ ಕಡತ ನೋಡಿಕೊಳ್ಳುವವರು ನಿವೃತ್ತ ಸುಬೇದಾರರು. ಮೀಸೆಯ ಎರಡು ತುದಿಯಲ್ಲಿ ಎರಡು ನಿಂಬೆಹಣ್ಣು ನಿಲ್ಲಿಸಬಹುದಿತ್ತು. ನಾನು ಕಾಕಾನ ಜೊತೆ ಹೋಗಿದ್ದೆ. ಮಾಮಾ ಬೇಡ ಅಂದ. ಬೇಡ ಅಂದದ್ದಕ್ಕೇ ಹೋದೆ.

"ಬೇಟಿ, ತಾರೀಕು ಮೂರು ಥರ ಇರ್ತಾವು," ಅಂದರು ಸುಬೇದಾರರು. ಮೇಜಿನ ಮೇಲೆ ಮೂರು ಚಹಾ ಲೋಟ ಸಾಲಾಗಿ ಇಟ್ಟರು. "ಇದು ಫೌಜ್ ಬಿಟ್ಟ ಮರುದಿನ. ಇದು ಅರ್ಜಿ ನಮ್ಮ ಕೈಗೆ ಮುಟ್ಟಿದ ದಿನ. ಇದು ಡಾಕ್ಟರ್ ನೋಡಿದ ದಿನ. ಹೋಗುವಾಗ ಕೊಟ್ಟ ಅರ್ಜಿ ಜೀವಂತ ಇತ್ತಂದ್ರ ಮೊದಲನೇದು. ಡಾಕ್ಟರ್ ತಡ ಮಾಡಿ ನೋಡಿದ್ರೂ ಫಿಕರ್ ಇಲ್ಲ. ಆದ್ರ ಆ ಅರ್ಜಿ ಸತ್ತು, ಹೊಸದು ಹುಟ್ಟಿತಂದ್ರ, ಹೊಸದು ಹುಟ್ಟಿದ ದಿನದಿಂದ. ಬರೇ ಇಷ್ಟೇ ಕಾನೂನು." ಹೇಳಿ, ಮೊದಲನೆಯ ಲೋಟದ ಚಹಾ ತಾವೇ ಕುಡಿದುಬಿಟ್ಟರು.

"ನನ್ನದು ಸತ್ತದೇನ್ರಿ?" ಕಾಕಾ ಕೇಳಿದರು.

ಸುಬೇದಾರರು ಕಡತ ಬಿಚ್ಚಿದರು. ದೊಡ್ಡ ಆಸ್ಪತ್ರೆಗೆ ಬಾ ಎಂಬ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಹೋಗಿತ್ತು. ವಾಪಸ್ ಬಂದಿತ್ತು. ಮತ್ತೊಮ್ಮೆ ಹೋಗಿತ್ತು. ಮತ್ತೆ ವಾಪಸ್. ಲಕೋಟೆಯ ಮೇಲೆ ಪೋಸ್ಟ್‌ಮ್ಯಾನ್ ಬರೆದದ್ದು: ಊರು ಬಿಟ್ಟು ಹೋಗಿದ್ದಾರೆ, ಎಲ್ಲಿ ಅಂತ ಗೊತ್ತಿಲ್ಲ. ಅದನ್ನು ನೋಡಿ ಇವನಿಗೆ ಪಿಂಚಣಿ ಬೇಡವಾಗಿದೆ ಅಂತ ಮೇಲಿನವರು ಕಡತ ಮುಚ್ಚಿದ್ದರು.

"ನಾ ಎಲ್ಲಿ ಹೋಗೀನ್ರಿ? ಅದೇ ಮನಿ, ಅದೇ ಅವ್ವ!" ಅಂದರು ಕಾಕಾ.

"ಆ ತಿಂಗಳು ಎಲ್ಲಿದ್ರಿ?"

"ಕುರಿ ಹಿಂದ ಇದ್ದೆ," ಅಂದರು ಕಾಕಾ.

"ಎಲ್ಲಿ?"

"ಕುರಿ ಹಿಂದ."

"ಅರೇ, ಕುರಿ ಎಲ್ಲಿತ್ತು?"

"ಕುರಿ ನನ್ನ ಮುಂದ ಇತ್ತು."

ಸುಬೇದಾರರು ಎರಡನೆಯ ಲೋಟವನ್ನೂ ಕುಡಿದರು.

*

ನಾರಾಯಣಖೇಡದ ಬಸ್ಸು ಹತ್ತಿ ಪೋಸ್ಟ್‌ಮ್ಯಾನನ್ನು ಹಿಡಿದೆವು. ಸಿರ್ಗಾಪುರದ ಕಡೆಯಿಂದ ಬದಲಿಯಾಗಿ ಅವರು ಆಗ ಅಲ್ಲಿದ್ದರು. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ದುಪಟ್ಟಾ ಸೊಂಟಕ್ಕೆ ಬಿಗಿದಿದ್ದೆ. ಆದರೆ ಆ ಮನುಷ್ಯ ನನಗಿಂತ ಮುಂಚೆಯೇ ಬಿಗಿದುಕೊಂಡು ನಿಂತಿದ್ದರು.

"ನನಗ ಕೇಳ್ತೀರಿ? ಅವರ ತಾಯಿಗೆ ಹೋಗಿ ಕೇಳ್ರಿ!" ಅಂದರು. "ಎರಡೂ ಸಲ ನಾನೇ ಹೋಗೀನಿ. ಅವರ ನಾಯಿ ನನ್ನ ಪ್ಯಾಂಟ್ ಹರದದ. ಮುದುಕೀಗೆ ಕೇಳದೆ, ಯವ್ವಾ ನಿನ್ನ ಮಗ ಎಲ್ಲದಾನ, ದೊಡ್ಡ ಕಾಗದ ಬಂದದ. ಆಕಿ ಏನಂದಳು ಗೊತ್ತೇನು? ಯಾವ ಮಗಪ್ಪ? ಎಲ್ಲಿ ಹೋಗ್ಯಾನೋ, ಬರ್ತಾನೋ ಇಲ್ಲೋ, ಯಾರಿಗ್ಗೊತ್ತು, ಅಂದಳು. ಎರಡನೇ ಸಲ ಹೋದ್ರ ನನಗ ಮಗನೇ ಇಲ್ಲ ಅಂದಳು! ನಾನು ಏನು ಬರೀಬೇಕಿತ್ತು? ನೀನೇ ಹೇಳವ್ವಾ, ಏನು ಬರೀಬೇಕಿತ್ತು?"

ದುಪಟ್ಟಾ ಬಿಚ್ಚಿ ಮುಖ ಒರೆಸಿಕೊಂಡೆ. ಕಾಕಾ ಗೋಡೆ ನೋಡುತ್ತಿದ್ದರು. ಅವರಿಗೆ ಆಶ್ಚರ್ಯ ಆದಂತೆ ಕಾಣಲಿಲ್ಲ, ಅದೇ ನನಗೆ ಆಶ್ಚರ್ಯ.

ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುತ್ತಾ ಅವರು ವಿಷಯ ಬಿಡಿಸಿದರು. ಬೆಳೆ ಕೊಯ್ದಾದ ಮೇಲೆ ಅವರ ಮನೆಯ ಗಂಡಸರು ಹಿಂಡು ಹೊಡೆದುಕೊಂಡು ದೂರ ಹೋಗುತ್ತಾರೆ. ಯಾವ ಕಡೆ ಹೋದರು, ಎಂದು ಬರುತ್ತಾರೆ, ಅದನ್ನು ಮನೆಯಲ್ಲಿ ಉಳಿದವರು ಹೊರಗಿನವರಿಗೆ ಹೇಳಕೂಡದು. ಬೀಗರಿಗೂ ಹೇಳಕೂಡದು. ಹೇಳಿದರೆ ಕುರಿ ಕಳ್ಳರು ಪಿಕಪ್ ಗಾಡಿ ತಗೊಂಡು ಅಲ್ಲಿಗೇ ಹೋಗುತ್ತಾರೆ. ಒಂದು ವರ್ಷ ಖಾಕಿ ಅಂಗಿ ಹಾಕಿದವನೊಬ್ಬ ಮನೆಗೆ ಬಂದು, ಕುರಿಗೆ ಸೂಜಿ ಹಾಕಬೇಕು, ಹಿಂಡು ಯಾವ ಕಡೆ ಅದ ಅಮ್ಮಾ ಅಂತ ಪ್ರೀತಿಯಿಂದ ಕೇಳಿದನಂತೆ. ಅವ್ವ ಹೇಳಿದರು. ಆ ವಾರವೇ ಒಳ್ಳೊಳ್ಳೆ ಟಗರು ಎಲ್ಲ ಹೋದವು.

"ಅವತ್ತಿಂದ ಖಾಕಿ ಕಂಡ್ರ ಅವ್ವ ಮಗನೇ ಇಲ್ಲ ಅಂತಾಳ," ಅಂದರು ಕಾಕಾ.

"ಪೋಸ್ಟ್‌ಮ್ಯಾನದೂ ಖಾಕಿನೇ."

"ಹೂಂ."

"ನೀವು ರಜಾಕ್ಕ ಬಂದಾಗ ಖಾಕಿ ಹಾಕ್ಕೊಂಡ್ ಬರ್ತಿರಲಿಲ್ಲಲ್ರಿ?"

"ನಮ್ಮದು ಹಸಿರು ಬೇಟಾ," ಅಂದರು. "ಇಲ್ಲಂದ್ರ ಊಟ ಹಾಕ್ತಿರಲಿಲ್ಲ."

*

ಸಿರ್ಗಾಪುರದಿಂದ ಆಟೋ ಹಿಡಿದು ಅವರ ಮನೆಗೆ ಹೋದೆವು. ಪೋಸ್ಟ್‌ಮ್ಯಾನ್ ಪ್ಯಾಂಟ್ ಹರಿದ ನಾಯಿ ನಿಜಕ್ಕೂ ದೊಡ್ಡದಿತ್ತು. ನಾನು ಹೇಳುವುದಾದರೆ ಕರುವಿನಷ್ಟಿತ್ತು. ಅವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತಾ ಕೂತಿದ್ದರು. ನನ್ನ ಕೆಲಸ ಸುಲಭವಿತ್ತು. ಆ ತಿಂಗಳಲ್ಲಿ ಮಗ ಇಂಥ ಕಡೆ ಹಿಂಡಿನ ಜೊತೆ ಇದ್ದ, ನಾನು ಪೋಸ್ಟ್‌ಮ್ಯಾನ್‌ಗೆ ಬೇಕಂತಲೇ ಹೇಳಲಿಲ್ಲ ಅಂತ ಒಂದು ಅಫಿಡವಿಟ್ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಸ್ಟಾಂಪ್ ಪ್ಯಾಡ್ ಕೂಡ ತಂದಿದ್ದೆ.

"ಆಯಿ, ಕುರಿ ಯಾ ಊರಾಗ ಇದ್ದವು ಆಗ?"

"ಯಾ ಕುರಿ?" ಅಂದರು.

"ನಿಮ್ಮ ಕುರಿ."

"ನಮಗೆಲ್ಲೀ ಕುರಿ?" ಅಂದರು. ಹಿಂದೆ ಕೊಟ್ಟಿಗೆಯಲ್ಲಿ ಮರಿಗಳು ಒಟ್ಟಿಗೇ ಅರಚಿಕೊಂಡವು. ಆಯಿ ಕಣ್ಣು ಕೂಡ ಮಿಟುಕಿಸಲಿಲ್ಲ.

"ಅವ್ವಾ, ಇದು ಸರ್ಕಾರಿ ಕೆಲಸ," ಅಂದರು ಕಾಕಾ.

"ಸರ್ಕಾರದ ಕಾಗದ ಎಷ್ಟ್ ಮಂದಿ ಓದ್ತಾರ?"

ನಾನು ಲೆಕ್ಕ ಹಾಕಿ ಹೇಳತೊಡಗಿದೆ. ನೋಟರಿ, ಗುಮಾಸ್ತ, ಸುಬೇದಾರರು, ಮೇಲಿನ ಕಚೇರಿ. ಆಯಿ ಕೈ ಎತ್ತಿ ನಿಲ್ಲಿಸಿದರು. "ಸಾಕು. ಅಷ್ಟ್ ಮಂದ್ಯಾಗ ಒಬ್ಬನಿಗೆ ಪಿಕಪ್ ಗಾಡಿ ಇದ್ದೇ ಇರ್ತದ."

ಸ್ಟಾಂಪ್ ಪ್ಯಾಡು ಬ್ಯಾಗಿಗೆ ವಾಪಸ್ ಹೋಯಿತು. ಹೊರಗೆ ಬಂದ ಮೇಲೆ, ನೀವೇ ಹೇಳಿಬಿಡಬಹುದಲ್ಲ ಅಂತ ನಾನು ಕಾಕಾನನ್ನು ಕೇಳಿದೆ. "ಹಿಂಡು ಅವ್ವಂದು," ಅಂದರು. "ಆಕಿ ಹೇಳು ಅಂದ್ರಷ್ಟೇ ಹೇಳೋದು." ಸ್ವಲ್ಪ ದೂರ ಕುಂಟಿ ನಡೆದು ನಿಂತರು. ಅವರ ಮುಖದಲ್ಲಿ ಒಂದು ಕಳ್ಳ ಬೆಳಕು ಕಂಡಿತು. "ಹಿಂಡು ಅವ್ವಂದು, ಖರೆ. ಆದ್ರ ಹೊಲ ಅವ್ವಂದಲ್ಲ."

*

ಹಾಗಾಗಿ ತಾಂಡೂರಿಗೆ ಹೋದೆವು. ಅದರ ಆಸುಪಾಸಿನ ಯಾವ ಹಳ್ಳಿ ಅಂತ ನಾನು ಹೇಳುವುದಿಲ್ಲ. ನನಗೂ ಪಿಕಪ್ ಗಾಡಿಯ ಭಯ ಹತ್ತಿತ್ತು. ತಾಂಡೂರಿನ ಬಸ್‌ಸ್ಟ್ಯಾಂಡಿನಿಂದ ಹೊರಟರೆ ದಾರಿಯುದ್ದಕ್ಕೂ ಕಲ್ಲಿನ ಪುಡಿ. ನನ್ನ ಕಪ್ಪು ಚೂಡಿದಾರು ಬೂದಿ ಬಣ್ಣಕ್ಕೆ ತಿರುಗಿತು, ಕಾಕಾನ ಮೀಸೆ ಬೆಳ್ಳಗಾಯಿತು, ಇಳಿಯುವಾಗ ಕಂಡಕ್ಟರ್ ಅವರಿಗೆ 'ತಾತಾ' ಅಂದ. ಅವರಿಗಿನ್ನೂ ನಲವತ್ತರ ಆಸುಪಾಸು.

ಅಲ್ಲಿಯ ತೊಗರಿ ಬೆಳೆಯುವ ಒಬ್ಬ ರೈತರ ಹೊಲದಲ್ಲಿ ಪ್ರತಿ ವರ್ಷ ಕಾಕಾನ ಹಿಂಡು ರಾತ್ರಿ ಮಲಗುತ್ತದೆ. ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಕಾಗುವುದಿಲ್ಲ. ಅದಕ್ಕೆ ರೈತರು ಕುರುಬರಿಗೆ ಜೋಳ ಕೊಡುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಮರ್ಯಾದೆ ಕೊಡುತ್ತಾರೆ. ಈ ರೈತರೂ ಕೊಟ್ಟರು. ನನಗೆ ಮೂರನೆಯ ರೊಟ್ಟಿ ಬೇಡ ಅಂದರೂ ಬಿಡಲಿಲ್ಲ. ನಾನು ಅಂಥ ಜೋರಿನಿಂದೇನೂ ಬೇಡ ಅನ್ನಲಿಲ್ಲ.

"ಹವಾಲ್ದಾರ ಆ ವರ್ಷ ಬಂದಿದ್ದಿಲ್ಲೇನು? ಬಂದಿದ್ದ!" ಅಂದರು ರೈತರು. "ಫೌಜ್ ಬಿಟ್ಟ ಮ್ಯಾಲ ಮೊದಲನೇ ಸಲ. ಆಗೂ ಹಿಂಗೇ ಕುಂಟತಿದ್ದ. ನಮ್ಮ ಹುಡುಗರು ಅವನ ಹಿಂದ ಸಾಲಾಗಿ ಕುಂಟಕೋತ ಹೋಗತಿದ್ರು, ಬಾರಕೋಲ ತಗೊಂಡ್ ನಾನೇ ಓಡಿಸೀನಿ."

ನಾನು ಕುಣಿಯುವುದೊಂದೇ ಬಾಕಿ. ಫೌಜ್ ಬಿಟ್ಟ ವರ್ಷವೇ ಕುಂಟುತ್ತಿದ್ದರು, ನೋಡಿದವರು ಇದ್ದಾರೆ! ಸೇಂದಿ ಕತೆ ಅಲ್ಲೇ ಸತ್ತಿತು. ಪೆನ್ನು ತೆಗೆದೆ. "ಯಜಮಾನ್ರೇ, ಇಷ್ಟೇ ಬರೆದು ಸಹಿ ಮಾಡ್ರಿ. ಯಾ ತಾರೀಕಿನಿಂದ ಯಾ ತಾರೀಕಿನ ತನಕ ಇದ್ರು?"

"ತಾರೀಕೆಲ್ಲಿ ಗೊತ್ತಾಗ್ತದವ್ವಾ. ತೊಗರಿ ಕೊಯ್ದ ಮ್ಯಾಲ, ಬಿಸಲು ಹತ್ತೂಕಿಂತ ಮೊದಲ."

"ಅದನ್ನೇ ಬರೀತೀನಿ. ನಿಮ್ಮ ಹೆಸರು, ಊರು, ಸರ್ವೆ ನಂಬರ್ ಹೇಳ್ರಿ."

ರೈತರು ಕೈಯಲ್ಲಿದ್ದ ಮಜ್ಜಿಗೆ ಚೊಂಬು ಕೆಳಗಿಟ್ಟರು. "ಬಾಯಿಲಿಂದ ಎಷ್ಟ್ ಬೇಕು ಹೇಳ್ತೀನಿ. ಬರದು ಕೊಡಂಗಿಲ್ಲ."

"ಯಾಕ್ರಿ?"

"ಹಿಂಡು ಯಾವಾಗ ಬರ್ತದ, ಎಲ್ಲಿಂದ ಬರ್ತದ ಅಂತ ಬರಹದಾಗ ಹೋತಂದ್ರ, ನಮ್ಮ ಊರಿನವರೇ ದಾರ್ಯಾಗ ಹೋಗಿ ನಿಂತು ತಮ್ಮ ಹೊಲಕ್ಕ ಕರ್ಕೊಂಡ್ ಹೋಗ್ತಾರ. ನಾನೇನ್ ಹುಚ್ಚನೇನು?" ಕಾಕಾನ ಕಡೆ ತಿರುಗಿದರು. "ಮತ್ತ ನಿಮ್ಮವ್ವಗ ಗೊತ್ತಾದ್ರ? ಹಿಂಡೇ ಕಳಸಂಗಿಲ್ಲ. ಹೋಗಪ್ಪ, ಹೋಗು."

ಎಲ್ಲರಿಗೂ ಎಲ್ಲ ಗೊತ್ತು. ಯಾರೂ ಬರೆಯುವುದಿಲ್ಲ. ತಾರೀಕಿನ ಮೇಲೆ ನಿಂತ ಕೇಸಿಗೆ ತಾರೀಕೇ ಗೊತ್ತಿಲ್ಲದ ಸಾಕ್ಷಿ, ಆ ಸಾಕ್ಷಿಗೂ ಊರಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಾಕಾ ಮೊಣಕಾಲಿಗೆ ಟವೆಲ್ ಬಿಗಿದು ಕಿಟಕಿ ಕಡೆ ಮುಖ ಮಾಡಿದ್ದರು. ನಾನು ಎಂಥ ಜೋಕು ಹೇಳಿದರೂ ನಗಲಿಲ್ಲ. ನನ್ನ ಜೋಕಿಗೆ ನಗದವರು ನಿಜವಾಗಿ ತೊಂದರೆಯಲ್ಲಿದ್ದಾರೆ ಅಂತಲೇ ಅರ್ಥ.

*

ಅಷ್ಟರಲ್ಲಿ ಸುಬೇದಾರರ ಫೋನು ಬಂತು. ಜಹೀರಾಬಾದಿನ ಒಂದು ಫಂಕ್ಷನ್ ಹಾಲಿನಲ್ಲಿ ಮಾಜಿ ಸೈನಿಕರ ಕುಂದುಕೊರತೆ ಶಿಬಿರ, ದೊಡ್ಡ ಸಾಹೇಬರು ಬರುತ್ತಾರೆ. "ಹೊಸ ಅರ್ಜಿ ಸಹಿ ಮಾಡಿಸ್ಕೊಂಡು ತಗೊಂಡ್ ಬಾ ಬೇಟಿ. ಅಲ್ಲೇ ಮಂಜೂರಿಗೆ ಶಿಫಾರಸು ಮಾಡಿಸ್ತೀನಿ. ಹಳೇದು ಹಿಡ್ಕೊಂಡು ಕೂತ್ರ ಹಳೇದೂ ಇಲ್ಲ, ಹೊಸದೂ ಇಲ್ಲ."

ಮಾಮಾ ಹೊಸ ಅರ್ಜಿ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟ. ಕಾಕಾ ಅದನ್ನು ಬಹಳ ಹೊತ್ತು ನೋಡಿದರು. ಪೆನ್ನು ಎತ್ತಿಕೊಂಡರು.

"ಕಟ್ಟೀ ಮ್ಯಾಲಿನವರು ಏನಂತಾರ್ರಿ?" ಅಂದೆ.

"ಅಂದ್ಕೊಳ್ಲಿ ಬೇಟಾ. ದಣದೀನಿ."

ಆ ಮಾತು ನನಗೆ ಸಹಿಸಲಾಗಲಿಲ್ಲ. ಸರ್ಕಾರಕ್ಕೇ ಇಟ್ಕೋರಿ ಅಂದ ಮನುಷ್ಯ! ನಾನು ಅರ್ಜಿಯನ್ನು ಅವರ ಕೈ ಕೆಳಗಿನಿಂದ ಎಳೆದು ಪ್ರಿಂಟರಿನ ಹಿಂದೆ ಹಾಕಿದೆ. ಆ ಪ್ರಿಂಟರಿನ ಹಿಂದೆ ಬಿದ್ದದ್ದು ಇದುವರೆಗೆ ಯಾರಿಗೂ ಸಿಕ್ಕಿಲ್ಲ. ನಂತರ ಕೂತು ಬೇರೆ ಅರ್ಜಿ ಟೈಪ್ ಮಾಡಿದೆ. ನನ್ನ ಮೊದಲನೆಯ ಅರ್ಜಿಯನ್ನು ನಾನು ಯಾವತ್ತೂ ಬಿಟ್ಟಿಲ್ಲ. ನಿಮ್ಮ ಕಾಗದ ನನಗೆ ಮುಟ್ಟಿಲ್ಲ. ಮುಟ್ಟದ ಕಾಗದಕ್ಕೆ ನಾನು ಬೇಡ ಅಂದೆ ಅಂತ ಹೇಗೆ ಆಗುತ್ತದೆ? ಅದನ್ನೇ ಮುಂದುವರಿಸಿ, ಬೇರೆ ಯಾವುದನ್ನೂ ನಾನು ಕೊಡುವುದಿಲ್ಲ. ಮಾಮಾ ನನ್ನ ಭುಜದ ಮೇಲಿಂದ ಓದಿ, "ಇದು ಅರ್ಜಿಯೋ ಧಮಕಿಯೋ?" ಅಂದ. ಕಾಕಾ ಓದಿಸಿ ಕೇಳಿದರು. ಮೀಸೆ ನಿಧಾನವಾಗಿ ಮೇಲೆದ್ದಿತು. ಸಹಿ ಹಾಕಿದರು. ಪೇಪರು ಹರಿಯುವಷ್ಟು ಒತ್ತಿ ಹಾಕಿದರು.

ಆದರೆ ಎಲ್ಲಿದ್ದೆ ಅಂತ ಸಾಹೇಬರು ಕೇಳಿಯೇ ಕೇಳುತ್ತಾರೆ. ಅದಕ್ಕೆ ಆಯಿ ಬೇಕು. ಮರುದಿನ ಬೆಳಿಗ್ಗೆ ಒಬ್ಬಳೇ ಸಿರ್ಗಾಪುರದ ಬಸ್ಸು ಹತ್ತಿದೆ.

ಆಯಿಯ ಮುಂದೆ ಕುರಿಯ ಮಾತೇ ಎತ್ತಲಿಲ್ಲ. ಚಹಾ ಕುಡಿದೆ, ಉಣ್ಣೆ ಹಿಂಜಲು ಕೈ ಹಚ್ಚಿದೆ, ಕೆಡಿಸಿದೆ. ನಂತರ ಉಸಿರುಬಿಟ್ಟು ಹೇಳಿದೆ. "ಆಯಿ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಫೌಜಿನವರ ಕಡತದಾಗ ನಿಮ್ಮ ಮಗ ಓಡಿ ಹೋಗ್ಯಾನ ಅಂತ ಬರದದ."

ಅಷ್ಟು ಸುಳ್ಳಲ್ಲ. 'ಬಿಟ್ಟು ಹೋಗಿದ್ದಾರೆ' ಎಂಬುದನ್ನು ನಾನು ಸ್ವಲ್ಪ ವೇಗವಾಗಿ ಓದಿದ್ದೆ ಅಷ್ಟೆ.

ಆಯಿಯ ಕೈಯಲ್ಲಿನ ಉಣ್ಣೆ ನಿಂತಿತು. "ಏನಂದಿ?"

"ಎಲ್ಲಿಗೆ ಹೋಗ್ಯಾನ ಗೊತ್ತಿಲ್ಲ ಅಂತ ಬರದಾರ. ಓಡಿ ಹೋದವರಿಗೇ ಹಂಗ ಬರೀತಾರ."

"ಯಾವಾಂವ ಬರದಾನ?" ಎದ್ದೇಬಿಟ್ಟರು. "ನನ್ನ ಮಗ ಓಡಿ ಹೋಗ್ಯಾನ? ಬಸ್ ಎಷ್ಟಕ್ಕದ?"

*

ಫಂಕ್ಷನ್ ಹಾಲಿನಲ್ಲಿ ಹಿಂದಿನ ದಿನ ಯಾರದೋ ಮದುವೆ ಆಗಿತ್ತು. ವೇದಿಕೆಯ ಮೇಲೆ ಹೂವಿನ ಕಮಾನು ಹಾಗೇ ಇತ್ತು. ಅದರ ಕೆಳಗೆ ಮದುಮಗನ ಜಾಗದಲ್ಲಿ ದೊಡ್ಡ ಸಾಹೇಬರು, ಮದುಮಗಳ ಜಾಗದಲ್ಲಿ ಸುಬೇದಾರರು. ಒಂದು ಕಡೆ ಟೈಪ್ ಮಾಡುವ ಗುಮಾಸ್ತ. ಸಾಹೇಬರು ಉತ್ತರದವರು, ಹಿಂದಿಯಲ್ಲಿ ಮಾತಾಡುತ್ತಿದ್ದರು. ಆಯಿಯ ಕನ್ನಡವನ್ನು ಹಿಂದಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಜೀವನದಲ್ಲಿ ಮೊದಲ ಬಾರಿಗೆ, ಏನೂ ಸೇರಿಸದೆ ಮಾಡಿದೆ. ಸೇರಿಸುವ ಅಗತ್ಯ ಬೀಳಲಿಲ್ಲ.

ಸಾಹೇಬರು ಕಡತ ತಿರುವಿದರು. ಹೊಸ ಅರ್ಜಿ ಕೊಟ್ಟರೆ ತೊಂದರೆಯೇ ಇಲ್ಲವಲ್ಲ ಅಂದರು.

"ಕೊಡಂಗಿಲ್ಲ ಸಾಬ್," ಅಂದರು ಕಾಕಾ. ಅಟೆನ್ಶನ್‌ನಲ್ಲಿ ನಿಂತಿದ್ದರು. ಒಂದು ಕಾಲು ನಿಲ್ಲಲು ಒಪ್ಪುತ್ತಿರಲಿಲ್ಲ, ಆದರೂ ನಿಂತಿದ್ದರು.

ಸುಬೇದಾರರು ನನ್ನ ಕಡೆ ಕಣ್ಣು ಬಿಟ್ಟರು. ನಾನು ಹೂವಿನ ಕಮಾನು ನೋಡಿದೆ.

"ಕಾಗದ ಎರಡು ಸಲ ವಾಪಸ್ ಬಂದಿದೆ. ಆಗ ಎಲ್ಲಿದ್ದೆ?" ಸಾಹೇಬರು ಕೇಳಿದರು.

ಕಾಕಾ ಅವ್ವನ ಕಡೆ ನೋಡಿದರು. ಆಯಿ ಕಂಬಳಿ ಭುಜಕ್ಕೆ ಎಳೆದುಕೊಂಡು ವೇದಿಕೆಯ ಮೆಟ್ಟಿಲು ಹತ್ತಿದರು. ಯಾರೂ ಕರೆದಿರಲಿಲ್ಲ.

"ಓಡಿ ಹೋಗ್ಯಾನ ಅಂತ ನೀವೇ ಬರದೀರೇನ್ರಿ?"

"ಯಾರೂ ಹಾಗೆ ಬರೆದಿಲ್ಲ ಅಮ್ಮಾ. ಎಲ್ಲಿದ್ದಾನೆ ಗೊತ್ತಿಲ್ಲ ಅಂತ ಬರೆದಿದೆ. ಹಾಗಂತ ಹೇಳಿದ್ದು ನೀವೇ."

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಆಯಿ ನನ್ನನ್ನು ಒಮ್ಮೆ ನೋಡಿದರು. ಆ ನೋಟದ ಲೆಕ್ಕ ಇನ್ನೂ ಬಾಕಿ ಇದೆ. ಆದರೆ ಆಯಿ ಹಿಂದೆ ಸರಿಯಲಿಲ್ಲ.

"ನಾನೇ ಹೇಳೀನಿ," ಅಂದರು. "ನಾಳೆ ಬಂದು ಕೇಳಿದ್ರೂ ಅದೇ ಹೇಳ್ತೀನಿ. ನನ್ನ ಮಗ ನಿಮ್ಮ ಫೌಜ್‌ನಾಗ ಇದ್ದಾಗ ಎಲ್ಲದಾನ ಅಂತ ನನಗ ನೀವು ಹೇಳಿದ್ರೇನು? ಅವನ ಕಾಗದದ ಮ್ಯಾಲ ಬರೇ ನಂಬರ್ ಇರ್ತಿತ್ತು, ಊರಿನ ಹೆಸರಿರಲಿಲ್ಲ. ರಜಾಕ್ಕ ಬಂದಾಗ ಕೇಳಿದ್ರ, ಹೇಳಂಗಿಲ್ಲವ್ವಾ, ದುಶ್ಮನ್‌ಗೆ ಗೊತ್ತಾಗ್ತದ ಅಂತಿದ್ದ. ಅಷ್ಟು ವರ್ಷ ನಾನು ಒಂದ್ ಸಲನೂ ಮಗ ಓಡಿ ಹೋಗ್ಯಾನ ಅಂತ ಅಂದಿಲ್ಲ. ಬಾಗಲಾ ಮುಚ್ಚಿಲ್ಲ. ಅವನ ತಾಟು ತೆಗದಿಟ್ಟಿಲ್ಲ. ನನ್ನ ಕುರಿಗೂ ದುಶ್ಮನ್ ಇದಾರ್ರಿ. ನಾನು ಹೇಳಲಿಲ್ಲ. ನೀವು ಎರಡ್ ಕಾಗದಕ್ಕೇ ಮುಚ್ಚಿಬಿಟ್ರಿ?"

ನಾನು ಹಿಂದಿಯಲ್ಲಿ ಹೇಳಿ ಮುಗಿಸಿದೆ. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಮ್ಮಾ, ನೀವು ಹೇಳುವುದು ನ್ಯಾಯ," ಅಂದರು. "ಆದರೆ ಕಡತ ಮತ್ತೆ ತೆರೆಯಬೇಕಾದರೆ ನಾನು ಕಾರಣ ಬರೆಯಬೇಕು. ಅವನು ಎಲ್ಲಿದ್ದ ಅಂತ ನನಗೆ ಗೊತ್ತಿರಬೇಕು. ಗೊತ್ತಿಲ್ಲದೆ ಸಹಿ ಹಾಕಲಾರೆ."

ಆಯಿ ಯೋಚಿಸಿದರು. ಸಾಹೇಬರನ್ನು ಮೇಲಿನಿಂದ ಕೆಳಗೆ ನೋಡಿದರು. ಸಾಹೇಬರ ಅಂಗಿ ಬಿಳಿಯದಿತ್ತು. ಸುಬೇದಾರರ ಕಡೆ ನೋಡಿ, "ನೀ ಜರಾ ಆ ಕಡಿ ಸರಿ," ಅಂದರು. ಸುಬೇದಾರರು ಸರಿದರು. ಗುಮಾಸ್ತನಿಗೂ ಕೈ ಬೀಸಿದರು. ನನಗೂ. ಆಮೇಲೆ ಕಮಾನಿನ ಕೆಳಗೆ ಬಗ್ಗಿ, ಕೈಯನ್ನು ಮರೆ ಮಾಡಿಕೊಂಡು, ಸಾಹೇಬರ ಕಿವಿಯಲ್ಲಿ ಹೇಳಿದರು. ಊರಿನ ಹೆಸರಿಗೆ ಹಿಂದಿ ಬೇಕಾಗುವುದಿಲ್ಲ. ಒಂದೊಂದೇ ಊರು, ಬೆರಳು ಮಡಚುತ್ತಾ, ಹೊರಟ ಜಾಗದಿಂದ ತಿರುಗಿ ಬರುವ ದಾರಿಯವರೆಗೆ. ಸಾಹೇಬರು ತಲೆದೂಗುತ್ತಾ ಕೇಳಿದರು.

ಆಯಿ ನೆಟ್ಟಗಾದ ಮೇಲೆ ಸಾಹೇಬರು ಗುಮಾಸ್ತನನ್ನು ಕರೆದು ಬರೆಸಿದರು. ಅರ್ಜಿದಾರನಿಗೆ ಕಾಗದ ಮುಟ್ಟಿಲ್ಲ. ಆ ಕಾಲದಲ್ಲಿ ಎಲ್ಲಿದ್ದ ಎಂಬುದನ್ನು ಕುಟುಂಬದವರು ತಿಳಿಸಿದ್ದಾರೆ, ನನಗೆ ಸಮಾಧಾನವಾಗಿದೆ. ಮೊದಲಿನ ಅರ್ಜಿ ಮುಚ್ಚಿದ್ದು ಸರಿಯಲ್ಲ, ಅದನ್ನೇ ಮುಂದುವರಿಸತಕ್ಕದ್ದು.

"ಸರ್, ಎಲ್ಲಿದ್ದ? ಊರಿನ ಹೆಸರು?" ಗುಮಾಸ್ತ ಬೆರಳು ಎತ್ತಿ ಕಾದ.

"ಅದು ಬೇಡ," ಅಂದರು ಸಾಹೇಬರು.

*

ದೊಡ್ಡ ಆಸ್ಪತ್ರೆಯ ಡಾಕ್ಟರುಗಳು ಕಾಲನ್ನು ಮಡಚಿ ನೋಡಿದರು, ಮಡಚಲಾಗದೆ ನೋಡಿದರು, ಫೋಟೋ ತೆಗೆದು ನೋಡಿದರು. ಮದ್ದಿನ ಪೆಟ್ಟಿಗೆಯ ಪೆಟ್ಟೇ ಅಂತ ಬರೆದರು. ನಂತರ ಬಹಳ ದಿನ ಏನೂ ಬರಲಿಲ್ಲ. ನನ್ನ ಇಂಟರ್ ರಿಸಲ್ಟ್ ಬಂತು, ಪಾಸಾದೆ, ಎಷ್ಟು ಅಂತ ಕೇಳಬೇಡಿ. ಒಂದು ಮಧ್ಯಾಹ್ನ ಆದೇಶ ನಮ್ಮ 'ಸರ್ವರ್ ಡೌನ್' ಕಂಪ್ಯೂಟರಿನಲ್ಲೇ ಬಂತು. ಕಾಕಾನಿಗೆ ಫೋನ್ ಮಾಡಿದೆ. ಅವರು ಹೊರಟು ಬಂದರು. ಎಲ್ಲಿಂದ ಹೊರಟರು ಅಂತ ನಾನು ಕೇಳಲಿಲ್ಲ.

ಪ್ರಿಂಟ್ ತೆಗೆದು ಕೊಟ್ಟೆ. "ಉಳಿದದ್ದು ಬ್ಯಾಡ, ತಾರೀಕು ಓದು," ಅಂದರು. ಓದಿದೆ. ಫೌಜಿನಿಂದ ಬಿಡುಗಡೆಯಾದ ದಿನದ ಮರುದಿನದಿಂದ. ಇನ್ನೊಮ್ಮೆ ಓದಿಸಿದರು. ಜೆರಾಕ್ಸಿಗೆ ಬಂದವರು ಕೂಡ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಮಾಮಾ ಎದ್ದು ಬಂದು ಅವರ ಕೈ ಕುಲುಕಿದ, ಮೊದಲಿನಿಂದಲೂ ತಾನೇ ಹೋರಾಡಿದವನ ಹಾಗೆ.

ಕಾಕಾ ಕಣ್ಣು ಒರೆಸಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಹುಬ್ಬು ಗಂಟಿಕ್ಕಿದರು.

"ಮರುದಿನದಿಂದ ಅಂತ ಯಾಕದ?"

"ಬಿಟ್ಟ ದಿನ ನಿಮಗ ಪಗಾರ ಬಂದದಲ್ರಿ," ಅಂದ ಮಾಮಾ. "ಆ ದಿನ ನೀವು ಫೌಜ್‌ನಾಗೇ ಇದ್ರಿ. ಕಾನೂನೇ ಹಂಗದ."

"ಪಗಾರ ಬ್ಯಾರೆ, ಕಾಲು ಬ್ಯಾರೆ," ಅಂದರು ಹವಾಲ್ದಾರ ಕಾಕಾ. "ಆ ದಿನಾನೂ ನಾ ಕುಂಟಕೋತೇ ಗೇಟಿನಿಂದ ಹೊರಗ ಬಂದೀನಿ. ಒಂದು ದಿನ ಯಾಕ ಬಿಟ್ರು?"

ಕುರ್ಚಿ ಎಳೆದುಕೊಂಡು ಕೂತರು. ಕಾಲು ಚಾಚಿದರು. ಮಾಮಾ ನನ್ನ ಕಡೆ ನೋಡಿ ಬೇಡ ಬೇಡ ಅಂತ ತಲೆ ಅಲ್ಲಾಡಿಸುತ್ತಿದ್ದ.

ನಾನು ಕೀಬೋರ್ಡು ಹತ್ತಿರಕ್ಕೆ ಎಳೆದುಕೊಂಡೆ. "ಹೇಳ್ರಿ ಕಾಕಾ," ಅಂದೆ. "ಆ ದಿನ ಗೇಟಿನ ತನಕ ಯಾರ್ಯಾರು ನೋಡ್ಯಾರ?"